ತಾಯಿ ಬರೆಸಿದ ಅರ್ಜಿ

ನಾನು ಯುರೋಪಿನ ಇತಿಹಾಸ ಪಾಠ ಮಾಡುವವಳು. ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದ ಒಂದು ಕಾಲೇಜಿನಲ್ಲಿ. ಆರು ವರ್ಷದಿಂದ ಎರಡೂ ಊರಿನ ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಅದಕ್ಕೂ ಮೊದಲು ನಂಜನಗೂಡಿನ ಕಾಲೇಜಿನಲ್ಲಿದ್ದೆ, ನೌಕರಿಗೆ ಸೇರಿದ್ದೂ ಅಲ್ಲೇ. ಈಗ ಹೇಳುವ ವಿಷಯಕ್ಕೆ ಎರಡೂ ಕಾಲೇಜು ಸೇರಿಕೊಂಡಿವೆ.

ನಮ್ಮ ಪಠ್ಯದಲ್ಲಿ ಹದಿನೈದನೆಯ ಶತಮಾನಕ್ಕೆ ಮೂರು ವಾರ ಸಿಗುತ್ತದೆ. ಹುಡುಗರಿಗೆ ಎಲ್ಲಕ್ಕಿಂತ ಇಷ್ಟವಾಗುವುದು ಕಾನ್‌ಸ್ಟಾಂಟಿನೋಪಲ್ ಬಿದ್ದ ಕತೆ. ತುರ್ಕರ ಸುಲ್ತಾನ ಅಷ್ಟು ದೊಡ್ಡ ಫಿರಂಗಿ ಎರಕ ಹೊಯ್ಯಿಸಿದ್ದು, ಬಂದರಿನ ಬಾಯಿಗೆ ಸರಪಳಿ ಕಟ್ಟಿದ್ದರಿಂದ ಹಡಗುಗಳನ್ನೇ ಜಿಡ್ಡು ಬಳಿದ ದಿಮ್ಮಿಗಳ ಮೇಲೆ ಗುಡ್ಡ ಹತ್ತಿಸಿ ಆಚೆ ಬದಿಯ ನೀರಿಗಿಳಿಸಿದ್ದು. ಕಬ್ಬು ತುಂಬಿದ ಟ್ರ್ಯಾಕ್ಟರು ಗದ್ದೆ ಬದುವಿನಲ್ಲಿ ಹೂತುಕೊಂಡರೆ ಎಷ್ಟು ಜನ ಬೇಕೆಂದು ಬಲ್ಲ ಹುಡುಗರು ಅವರು. ಎಷ್ಟು ಎತ್ತು ಕಟ್ಟಿದರು, ಇಳಿಜಾರಿನಲ್ಲಿ ಹೇಗೆ ತಡೆದರು ಎಂದು ಬೆಲ್ ಆದ ಮೇಲೂ ಕೇಳುತ್ತಿರುತ್ತಾರೆ. ಅಚ್ಚುಮೊಳೆಯ ಮುದ್ರಣ ಶುರುವಾದ ಪಾಠಕ್ಕೆ ಹಿಂದಿನ ಬೆಂಚು ಆಕಳಿಸುತ್ತದೆ. ಸ್ಪೇನಿನಿಂದ ಯೆಹೂದಿಗಳನ್ನು ಮೂರು ನಾಲ್ಕು ತಿಂಗಳ ಗಡುವು ಕೊಟ್ಟು ಹೊರಡಿಸಿದ ಪಾಠಕ್ಕೆ ಯಾರೂ ಏನೂ ಕೇಳುವುದಿಲ್ಲ.

ಫ್ರಾನ್ಸಿನ ರೈತರ ಹುಡುಗಿಗೆ ನಮ್ಮ ನೋಟ್ಸಿನಲ್ಲಿ ಇದ್ದದ್ದು ಎರಡು ಸಾಲು. ಇಂಗ್ಲೆಂಡಿನವರ ವಿರುದ್ಧ ಸೈನ್ಯ ನಡೆಸಿದಳು, ಫ್ರಾನ್ಸಿನ ರಾಜನಿಗೆ ಕಿರೀಟ ಸಿಗುವಂತೆ ಮಾಡಿದಳು, ಸಿಕ್ಕಿಬಿದ್ದಳು, ಧರ್ಮದ್ರೋಹಿ ಎಂದು ಸುಟ್ಟರು. ಪರೀಕ್ಷೆಗೆ ಅಷ್ಟು ಸಾಕು. ಎರಡು ವರ್ಷದ ಹಿಂದಿನ ರಜೆಯಲ್ಲಿ ಮೈಸೂರಿನ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಓದುತ್ತಿದ್ದಾಗ, ಆ ಕತೆ ಬೆಂಕಿಯಲ್ಲಿ ಮುಗಿದಿರಲಿಲ್ಲ ಎಂಬುದು ನನಗೆ ಸರಿಯಾಗಿ ತಿಳಿಯಿತು. ಇಷ್ಟು ವರ್ಷ ಪಾಠ ಮಾಡಿಯೂ ಅದರ ವಿವರ ನನಗೆ ಗೊತ್ತಿರಲಿಲ್ಲ. ಆ ಸಲ ಅವಳಿಗೆ ಒಂದು ಪೂರ್ತಿ ಗಂಟೆ ಕೊಡಬೇಕೆಂದು ತೀರ್ಮಾನಿಸಿದೆ.

ಅವಳನ್ನು ಸುಟ್ಟಾಗ ಅವಳಿಗೆ ಹತ್ತೊಂಬತ್ತು ವರ್ಷವಿರಬಹುದು ಎಂದು ಹೇಳಿದೆ. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ ಅವಳ ತಾಯಿ, ಆಗ ಮುದುಕಿ, ಪ್ಯಾರಿಸ್ಸಿನ ದೊಡ್ಡ ಚರ್ಚಿಗೆ ಬಂದಳು. ಕೈಯಲ್ಲಿ ಅರ್ಜಿ ಇತ್ತು. ನನ್ನ ಮಗಳನ್ನು ದೇವರಿಗೆ ನಡೆದುಕೊಳ್ಳುವ ಹಾಗೆ ಬೆಳೆಸಿದ್ದೆ, ಅವಳ ಮೇಲೆ ಹೊರಿಸಿದ್ದು ಸುಳ್ಳು, ಮತ್ತೆ ವಿಚಾರಣೆ ಮಾಡಿ ಎಂದು ಕೇಳಿದಳು. ರಾಜನಿಗೂ ಅದು ಬೇಕಾಗಿತ್ತು, ಧರ್ಮದ್ರೋಹಿಯ ಸಹಾಯದಿಂದ ಪಟ್ಟಕ್ಕೆ ಬಂದವನು ಎಂಬ ಮಾತು ಅವನಿಗೆ ಒಳ್ಳೆಯದಾಗಿರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ. ವಿಚಾರಣೆ ನಡೆಯಿತು. ಅವಳ ಊರಿನವರು ಬಂದು ಸಾಕ್ಷಿ ಹೇಳಿದರು. ನೂಲುತ್ತಿದ್ದಳು, ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದಳು, ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದಳು, ಇಷ್ಟೇ ನಮಗೆ ಗೊತ್ತಿರುವುದು ಎಂದರು. ಮೊದಲ ವಿಚಾರಣೆಯಲ್ಲಿ ಕೂತಿದ್ದವರಲ್ಲಿ ಬದುಕಿದ್ದ ಕೆಲವರನ್ನೂ ಕರೆಸಿದರು. ಕೆಲವರು ಆಗ ನಮಗೆ ಭಯವಾಗಿತ್ತು ಎಂದರು. ಕೆಲವರು ನೆನಪಿಲ್ಲ ಎಂದರು. ಕೊನೆಗೆ ಮೊದಲ ತೀರ್ಪು ಸಲ್ಲದು ಎಂದು ಅವಳನ್ನು ಸುಟ್ಟ ಊರಿನಲ್ಲೇ ಎಲ್ಲರಿಗೂ ಕೇಳುವಂತೆ ಓದಿದರು.

ನಾನು ಇದನ್ನೆಲ್ಲ ಹೇಳುತ್ತಿದ್ದಾಗ ಕಾಲೇಜಿನ ಆಯಮ್ಮ ನೋಟಿಸು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊರಗುತ್ತಿಗೆಯ ಮೇಲೆ ನಮ್ಮ ಕಾಲೇಜಿಗೆ ಬಂದು ಆಗ ಒಂದೂವರೆ ವರ್ಷವಾಗಿತ್ತು. ಕಸ ಗುಡಿಸುವುದು, ನೀರು ತುಂಬುವುದು, ಸ್ಟಾಫ್ ರೂಮಿಗೆ ಟೀ ತರುವುದು, ನೋಟಿಸಿಗೆ ಸೈನ್ ಹಾಕಿಸುವುದು ಅವರ ಕೆಲಸ. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಬಾಗಿಲಲ್ಲಿ ಬಂದು ನಿಂತರೆ ಸಾಮಾನ್ಯವಾಗಿ ನಾನೇ ಹೋಗಿ ಸೈನ್ ಹಾಕಿ ಕಳಿಸುತ್ತಿದ್ದೆ. ಅವತ್ತು ಮರೆತೆ. ಬೆಲ್ ಆಗುವವರೆಗೂ ಅವರು ಕದಲದೆ ನಿಂತಿದ್ದರು.

ಮೂರೋ ನಾಲ್ಕೋ ದಿನದ ಮೇಲೆ ಸಂಜೆಯ ಬಸ್ಸಿನಲ್ಲಿ ಅವರು ನನ್ನ ಪಕ್ಕದ ಸೀಟಿಗೆ ಬಂದು ಕೂತರು. ಅವರ ಊರು ದಾರಿಯಲ್ಲಿ ಸಿಗುವ ಹದಿನಾರು ಎಂಬ ಹಳ್ಳಿ, ಅದೇ ಬಸ್ಸಿನಲ್ಲಿ ಹೋಗುವವರು, ಆದರೆ ಯಾವತ್ತೂ ನನ್ನ ಪಕ್ಕ ಕೂತಿರಲಿಲ್ಲ. ಬಸ್ಸು ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದರು.

"ಮೇಡಂ, ಆ ತಾಯಿ ಅರ್ಜೀನ ಯಾರ್ಗೆ ಬರ್ಸುದ್ಲು?"

ಯಾವ ತಾಯಿ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಫ್ರಾನ್ಸಿನ ಮುದುಕಿಯ ವಿಷಯ ಎಂದು ಗೊತ್ತಾದಾಗ ಆಶ್ಚರ್ಯವಾಯಿತು. ರೋಮಿನಲ್ಲಿದ್ದ ಪೋಪರ ಅನುಮತಿ ಬೇಕಾಗಿತ್ತು, ಅವರು ನೇಮಿಸಿದವರ ಮುಂದೆ ಅರ್ಜಿ ಕೊಟ್ಟಳು ಎಂದೆ. ಅವಳಿಗೆ ಓದು ಬರಹ ಬರುತ್ತಿತ್ತಾ ಎಂದು ಕೇಳಿದರು. ಬರುತ್ತಿರಲಿಲ್ಲವೆಂದು ಕಾಣುತ್ತದೆ, ಯಾರೋ ಬರೆದುಕೊಟ್ಟಿರಬೇಕು ಎಂದೆ. ಅಷ್ಟು ವರ್ಷ ಆದ ಮೇಲೂ ತೆಗೆದುಕೊಂಡರಾ ಎಂದರು. ತೆಗೆದುಕೊಂಡರು ಎಂದೆ.

ಆಗ ಅವರು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. ಒಳಗೆ ಅವರ ಮಗಳ ಟಿ.ಸಿ., ಅದರ ಜೊತೆ ಒಂದು ಆದೇಶದ ನಕಲು. ನಂಜನಗೂಡಿನ ಕಾಲೇಜಿನದು. ನಡತೆ ಎಂಬ ಕಡೆ 'ತೃಪ್ತಿಕರವಲ್ಲ, ಪರೀಕ್ಷೆಯಲ್ಲಿ ನಕಲು' ಎಂದು ಬರೆದಿತ್ತು. ಆದೇಶದ ಕೆಳಗೆ ಮೂರು ಸಹಿ. ಮೂರನೆಯದು ನನ್ನದು.

ನಾನು ಏನು ಹೇಳಿದೆನೋ ಈಗ ಸರಿಯಾಗಿ ನೆನಪಿಲ್ಲ. ಇದು ನಾನು ಎಂದೋ, ಇದರಲ್ಲಿ ನನ್ನ ಹೆಸರಿದೆ ಎಂದೋ ಏನೋ ಅಂದಿರಬೇಕು.

"ಗೊತ್ತು ಮೇಡಂ," ಎಂದರು. "ಅವತ್ತು ನಾನು ಸೈಕಲ್ ಸ್ಟ್ಯಾಂಡ್ ತಾವು ನಿಂತಿದ್ದೆ. ನೀವು ಆಚ್ಗೆ ಬಂದ್ರಿ."

ಹದಿನೈದು ವರ್ಷದ ಹಿಂದಿನ ಮಾತು. ನಾನು ಆಗಷ್ಟೆ ಕೆಲಸಕ್ಕೆ ಸೇರಿದ್ದೆ, ಪ್ರೊಬೇಷನ್ ಮುಗಿದಿರಲಿಲ್ಲ. ಕಾಲೇಜಿನ ಒಳಗಿನ ಪರೀಕ್ಷೆಯಲ್ಲಿ ಒಬ್ಬ ಹುಡುಗಿಯ ಬೆಂಚಿನ ಕೆಳಗೆ ಚೀಟಿ ಸಿಕ್ಕಿತ್ತು. ವಿಷಯ ನನ್ನದೇ, ಯುರೋಪಿನ ಇತಿಹಾಸ. ವಿಚಾರಣೆಗೆ ಮೂವರ ಸಮಿತಿ ಮಾಡಿದರು. ಹಿರಿಯ ಅಧ್ಯಾಪಕರೊಬ್ಬರು ಅಧ್ಯಕ್ಷರು, ಕಚೇರಿಯ ಸೂಪರಿಂಟೆಂಡೆಂಟ್ ಒಬ್ಬರು, ಹುಡುಗಿಯ ವಿಷಯವಾದ್ದರಿಂದ ಒಬ್ಬ ಹೆಂಗಸು ಇರಲಿ ಎಂದು ನಾನು.

ಅವಳು ಪ್ರಿನ್ಸಿಪಾಲರ ಪಕ್ಕದ ಕೋಣೆಯಲ್ಲಿ ಗೋಡೆಗೆ ತಾಕದ ಹಾಗೆ ನೆಟ್ಟಗೆ ನಿಂತಿದ್ದಳು. ಚೀಟಿ ನನ್ನದಲ್ಲ ಎಂದಳು. ಮತ್ತೆ ಯಾರದು ಎಂದರು. ಗೊತ್ತಿಲ್ಲ ಎಂದಳು. ಈ ಎರಡು ಮಾತೇ ಮುಕ್ಕಾಲು ಗಂಟೆ ನಡೆಯಿತು. ಚೀಟಿಯಲ್ಲಿದ್ದದ್ದು ಕಾನ್‌ಸ್ಟಾಂಟಿನೋಪಲ್ ಪತನದ ಪರಿಣಾಮಗಳು. ನಾನು ಅವಳ ಉತ್ತರ ಪತ್ರಿಕೆ ತೆರೆದು ನೋಡಿದೆ. ಅವಳು ಆ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ, ಅದರ ಬದಲು ಮುದ್ರಣ ಯಂತ್ರದ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದಳು. ಚೀಟಿಯ ಅಕ್ಷರ ಬಲಕ್ಕೆ ವಾಲಿತ್ತು, ತಲೆಕಟ್ಟು ಬಿಟ್ಟು ಬರೆದದ್ದು. ಅವಳದು ಗುಂಡಗಿನ ಅಕ್ಷರ, ಒಂದೊಂದಕ್ಕೂ ತಲೆಕಟ್ಟು ಒತ್ತಿ ಎಳೆಯುತ್ತಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವಳು ನಾನೊಬ್ಬಳೇ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಊಟದ ಹೊತ್ತಿಗೆ ಮುಗಿಸಿಬಿಡೋಣ, ಇಂಥದ್ದಕ್ಕೆ ಒಂದು ಸಲ ಗಟ್ಟಿಯಾಗಿ ಮಾಡಿದರೆ ಉಳಿದವರು ಹೆದರುತ್ತಾರೆ ಎಂದರು. ನಾನು ಪತ್ರಿಕೆ ಮುಚ್ಚಿ ಸಹಿ ಹಾಕಿದೆ. ಹೊರಗೆ ಬಂದಾಗ ಸೈಕಲ್ ಸ್ಟ್ಯಾಂಡಿನ ಹತ್ತಿರ ಯಾರೋ ಒಬ್ಬ ಹೆಂಗಸು ಸೆರಗು ಹೊದ್ದು ನಿಂತಿದ್ದಳು. ಮುಖ ನೋಡಲಿಲ್ಲ.

ಫ್ರಾನ್ಸಿನ ಹುಡುಗಿಯನ್ನು ವಿಚಾರಿಸಲು ಹತ್ತಾರು ಜನ ಪಂಡಿತರು ಕೂತಿದ್ದರು, ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದನ್ನು ಆ ವಾರ ತರಗತಿಯಲ್ಲಿ ಬಹಳ ಒತ್ತಿ ಹೇಳಿದ್ದೆ. ನಂಜನಗೂಡಿನ ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದಳು.

ಹುಡುಗಿಯ ಮುಂದಿನ ಕತೆಯನ್ನು ಆಯಮ್ಮ ಬಸ್ಸಿನಲ್ಲೇ ಹೇಳಿದರು, ದೂರು ಹೇಳುವ ದನಿಯಲ್ಲಿ ಅಲ್ಲ. ಟಿ.ಸಿ.ಯಲ್ಲಿ ಆ ಮಾತು ಇದ್ದದ್ದರಿಂದ ಬೇರೆ ಎರಡು ಕಾಲೇಜಿನವರು ಸೇರಿಸಿಕೊಳ್ಳಲಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ಒಂದು ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ದೇವನೂರಿನ ಕಡೆ ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಇವಳು ಜ್ವರ ಬಂದು ಆರು ದಿನದಲ್ಲಿ ಹೋದಳು. ಗಂಡ ಬೇರೆ ಮದುವೆಯಾದ. ಮಗು ಅಜ್ಜಿಯ ಹತ್ತಿರ ಬೆಳೆಯುತ್ತಿದೆ, ಈಗ ಏಳನೆಯ ಕ್ಲಾಸು.

ಜ್ವರ ಬಂದು ಸತ್ತಳು, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದರು. ಟಿ.ಸಿ. ಟ್ರಂಕಿನಲ್ಲಿ ಇದ್ದೇ ಇತ್ತು. ಅಮ್ಮನದು ಏನಾದರೂ ಸಿಗುತ್ತದಾ ಎಂದು ಮೊಮ್ಮಗಳು ಟ್ರಂಕು ತೆಗೆದು ಹುಡುಕಿದಾಗ ಅದು ಸಿಕ್ಕಿತು.

"ನಂಗೆ ಓದಕ್ ಬರಲ್ಲ, ಅದ್ರಲ್ಲಿ ಏನದೆ ಅಂತ ಗೊತ್ತಿತ್ತು ಅಷ್ಟೆ. ಕೂಸು ಜೋರಾಗಿ ಓದ್ಬುಡ್ತು ಮೇಡಂ. ಓದ್ಬುಟ್ಟು, ನಮ್ಮವ್ವ ಕಾಪಿ ಒಡ್ದಿದ್ಲಾ ಅಂತ ಕೇಳ್ತು."

ಅದಕ್ಕೆ ಇವರು ಇಲ್ಲ ಎಂದರಂತೆ. ಹಾಗಾದರೆ ಇಲ್ಲಿ ಯಾಕೆ ಬರೆದಿದೆ ಎಂದು ಮಗು ಕೇಳಿತಂತೆ. ಅಷ್ಟರಲ್ಲಿ ಹದಿನಾರು ಬಂತು. ಆಯಮ್ಮ ಕವರನ್ನು ನನ್ನ ಹತ್ತಿರವೇ ಬಿಟ್ಟು ಇಳಿದುಹೋದರು.

ಆ ವಾರ ನಾನು ಹುಲ್ಲಹಳ್ಳಿಯ ತವರಿಗೆ ಹೋಗಿದ್ದೆ. ನಾಲೆಯ ಬಯಲಿನಲ್ಲಿ ನಾಟಿ ನಡೆಯುತ್ತಿತ್ತು. ಅಣ್ಣನಿಗೆ ವಿಷಯ ಹೇಳಿದೆ, ಅಂದು ಸಹಿ ಹಾಕಿದ್ದು ತಪ್ಪೆಂದು ಬರೆದುಕೊಡಬೇಕೆಂದಿದ್ದೇನೆ ಎಂದೆ. ಅವನು ಕೆಟ್ಟವನಲ್ಲ. ಆದರೂ ಆ ಹುಡುಗಿಯೇ ಇಲ್ಲ, ಈಗ ಬರೆದುಕೊಟ್ಟು ನಿನ್ನ ಸರ್ವೀಸಿಗೆ ಯಾಕೆ ಕಲ್ಲು ಹಾಕಿಕೊಳ್ಳುತ್ತೀಯ, ಆ ಅಮ್ಮನಿಗೆ ಬೇರೆ ಏನಾದರೂ ಸಹಾಯ ಮಾಡು ಎಂದ. ನನಗೂ ಆ ಯೋಚನೆ ಬಂದಿತ್ತು. ಮೊಮ್ಮಗಳ ಓದಿನ ಖರ್ಚು ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಡಬಹುದು. ಸುಲಭವಾಗಿ ಮುಗಿಯುತ್ತಿತ್ತು. ಆಯಮ್ಮ ಅದನ್ನು ಕೇಳಿರಲಿಲ್ಲ.

ಸೋಮವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಅವರನ್ನು ಕೂರಿಸಿಕೊಂಡು ಅರ್ಜಿ ಬರೆದೆ. ಗೌರವಾನ್ವಿತರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದೆಲ್ಲ ಶುರುಮಾಡಿದ್ದನ್ನು ಓದಿ ಹೇಳಿದಾಗ ಅವರು ಅದು ಬೇಡ ಎಂದರು. ಅವರು ಹೇಳಿದಂತೆಯೇ ಬರೆದೆ: ನನ್ನ ಮಗಳು ಓದುವ ಹುಡುಗಿ. ಚೀಟಿ ಅವಳದಲ್ಲ. ಅವಳನ್ನು ಕೇಳಿದವರು ಅವಳ ಮಾತು ಕೇಳಲಿಲ್ಲ. ಮತ್ತೆ ನೋಡಿ. ಅಷ್ಟೇ. ಕೆಳಗೆ ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಸಹಿ ಮಾಡುವುದನ್ನು ಮಗಳೇ ಕಲಿಸಿದ್ದಂತೆ.

ಅದರ ಜೊತೆಗೆ ನನ್ನ ಹೇಳಿಕೆಯನ್ನೂ ಬರೆದೆ. ಅಕ್ಷರ ಬೇರೆಯೆಂದು ನಾನು ಅಂದೇ ಕಂಡಿದ್ದೆ, ಆ ಪ್ರಶ್ನೆಗೆ ಅವಳು ಉತ್ತರ ಬರೆದಿರಲಿಲ್ಲ, ಹಿರಿಯರ ಎದುರು ಮಾತಾಡಲು ಹೆದರಿ ಸಹಿ ಹಾಕಿದೆ ಎಂದು. ನಾಲ್ಕು ಸಲ ಹರಿದು ಬರೆದೆ. ಹೆದರಿ ಎಂಬ ಮಾತನ್ನು ಪ್ರತಿ ಸಲವೂ ಬಿಟ್ಟುಬಿಡಬೇಕೆನಿಸುತ್ತಿತ್ತು.

ನಂಜನಗೂಡಿನ ಕಾಲೇಜಿನಲ್ಲಿ ಈಗ ಇರುವ ಪ್ರಿನ್ಸಿಪಾಲರು ಹೊಸಬರು, ನನಗಿಂತ ಚಿಕ್ಕವರು. ಎರಡನ್ನೂ ಓದಿದರು. ಇಷ್ಟು ವರ್ಷದ ಮೇಲೆ ದಾಖಲಾತಿ ರಿಜಿಸ್ಟರು ತಿದ್ದಲು ನಿಯಮವಿಲ್ಲ, ಒಬ್ಬರಿಗೆ ಮಾಡಿದರೆ ನಾಳೆ ಹತ್ತು ಜನ ಬರುತ್ತಾರೆ ಎಂದರು. ತಿದ್ದುವುದು ಬೇಡ, ಮತ್ತೆ ವಿಚಾರಿಸಿ ಎಂದು ಕೇಳುತ್ತಿದ್ದಾರೆ ಎಂದೆ. ಮೂಲ ಕಡತ ಸಿಕ್ಕರೆ ನೋಡೋಣ ಎಂದು ಕಳಿಸಿದರು. ಸಿಗಲಾರದು ಎಂದೇ ಅವರ ಎಣಿಕೆ ಇದ್ದಂತಿತ್ತು. ಕಪಿಲೆ ಹೊಳೆ ಉಕ್ಕಿ ಬಂದ ವರ್ಷಗಳಲ್ಲಿ ಹಳೆಯ ಕಾಗದ ಎಷ್ಟೋ ಹಾಳಾಗಿತ್ತು.

ಒಂದೂವರೆ ತಿಂಗಳು ಏನೂ ಆಗಲಿಲ್ಲ. ಆಯಮ್ಮ ದಿನವೂ ಟೀ ತಂದುಕೊಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ನಾನೇ ಎರಡು ಶನಿವಾರ ಹೋಗಿ ಗುಮಾಸ್ತೆಯೊಬ್ಬಳ ಜೊತೆ ರೆಕಾರ್ಡ್ ರೂಮಿನಲ್ಲಿ ಕೂತು ಹುಡುಕಿದೆ. ಎರಡನೆಯ ಶನಿವಾರ ಸಿಕ್ಕಿತು. ಹಗ್ಗ ಕೊಳೆತಿತ್ತು, ಕಾಗದ ಅಂಚಿನಲ್ಲಿ ಗೆದ್ದಲು ತಿಂದಿತ್ತು. ಒಳಗೆ ಚೀಟಿ ಪಿನ್ನಿನ ತುಕ್ಕಿನ ಕಲೆಯ ಸಮೇತ ಹಾಗೇ ಇತ್ತು. ಅವಳ ಉತ್ತರ ಪತ್ರಿಕೆ ಇತ್ತು. ಅವಳು ಅವತ್ತು ಬರೆದುಕೊಟ್ಟಿದ್ದ ಹೇಳಿಕೆಯೂ ಇತ್ತು. ಅಂಥದ್ದೊಂದನ್ನು ಅವಳಿಂದ ಬರೆಸಿಕೊಂಡದ್ದು ನನಗೆ ಮರೆತೇ ಹೋಗಿತ್ತು. 'ಇದು ನನ್ನ ಅಕ್ಷರವಲ್ಲ, ದಯವಿಟ್ಟು ನೋಡಿ' ಎಂದು ಅದರ ಕೊನೆಯ ಸಾಲು. ಗುಮಾಸ್ತೆ ಓದಿ ನನ್ನ ಮುಖ ನೋಡಿದಳು, ಆಮೇಲೆ ನೀರು ತರುತ್ತೇನೆಂದು ಎದ್ದುಹೋದಳು.

ಅಧ್ಯಕ್ಷರಾಗಿದ್ದವರು ತೀರಿಹೋಗಿದ್ದರು. ಸೂಪರಿಂಟೆಂಡೆಂಟ್ ನಿವೃತ್ತರಾಗಿ ನಂಜನಗೂಡಿನಲ್ಲೇ ಇದ್ದಾರೆ. ಪ್ರಿನ್ಸಿಪಾಲರು ಅವರನ್ನೂ ಕೇಳಬೇಕೆಂದದ್ದರಿಂದ ಕಡತದ ನಕಲು ಹಿಡಿದು ಅವರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು, ಕಾಫಿ ಕೊಡಿಸಿದರು, ನನಗೆ ಇದರ ನೆನಪಿಲ್ಲ ಎಂದರು. ಸಹಿ ತೋರಿಸಿದೆ. ನನ್ನದೇ ಸಹಿ, ಆದರೆ ನೆನಪಿಲ್ಲ ಎಂದರು. ವಯಸ್ಸಿನ ಮರೆವೋ ಬೇರೇನೋ ನಾನು ತೀರ್ಮಾನಿಸಲಾರೆ. ನೆನಪಿಲ್ಲ ಎಂಬುದನ್ನೇ ಬರೆದುಕೊಡಿ ಎಂದೆ, ಬರೆದುಕೊಟ್ಟರು.

ಹೊಸ ಸಮಿತಿಯಲ್ಲಿ ಐದು ಜನ ಇದ್ದರು. ನನ್ನನ್ನು ಕರೆಸಿ ಎದುರಿಗೆ ಕೂರಿಸಿ ಕೇಳಿದರು. ಅಂದು ಯಾಕೆ ಹೇಳಲಿಲ್ಲ ಎಂದು ಒಬ್ಬರು ಕೇಳಿದರು. ಕೆಲಸ ಹೋದೀತೆಂದು ಹೆದರಿದ್ದೆ ಎಂದೆ. ಯಾರಾದರೂ ಹೆದರಿಸಿದ್ದರಾ ಎಂದರು. ಇಲ್ಲ, ಯಾರೂ ಹೆದರಿಸಿರಲಿಲ್ಲ ಎಂದೆ. ಆ ಉತ್ತರ ಹೇಳುವಾಗ ಆದ ನಾಚಿಕೆ ಬೇರೆ ಯಾವುದಕ್ಕೂ ಆಗಲಿಲ್ಲ. ಚೀಟಿ ಯಾರದೆಂದು ಅವರಿಗೂ ತಿಳಿಯಲಿಲ್ಲ. ಅದು ಈ ಹುಡುಗಿಯದಲ್ಲ ಎಂಬುದಕ್ಕೆ ಉತ್ತರ ಪತ್ರಿಕೆಯೇ ಸಾಕಾಯಿತು. ನನ್ನ ಸರ್ವೀಸ್ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ ಸೇರಿತು, ಅದು ಸೇರಬೇಕಾದದ್ದೇ.

ರಿಜಿಸ್ಟರಿನ ಹಳೆಯ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಮರುವಿಚಾರಣೆಯಲ್ಲಿ ಆರೋಪ ನಿಲ್ಲದ ಕಾರಣ ಮೇಲಿನ ಷರಾ ಹಿಂತೆಗೆದಿದೆ, ವಿದ್ಯಾರ್ಥಿನಿಯ ನಡತೆ ಉತ್ತಮ ಎಂದು ಬರೆದರು. ಅದೇ ಒಕ್ಕಣೆಯ ಪತ್ರವನ್ನು ತಾಯಿಗೆ ಕೊಡಲು ಕರೆದರು.

ಪತ್ರ ಕೈಗೆ ಕೊಟ್ಟಾಗ ಆಯಮ್ಮ ಅದನ್ನು ತೆಗೆದುಕೊಳ್ಳದೆ ಪ್ರಿನ್ಸಿಪಾಲರಿಗೆ ಹೇಳಿದರು. "ಸಾ, ಇದ ಓದ್ಬುಡಿ. ಆ ರೂಮಲ್ಲೇ ಓದಿ."

ಪ್ರಿನ್ಸಿಪಾಲರು ನನ್ನತ್ತ ನೋಡಿದರು. ಯಾವ ರೂಮು ಎಂದು ನಾನು ಹೇಳಿದೆ. ಪರೀಕ್ಷೆ ನಡೆದಿದ್ದ ಕೋಣೆಯಲ್ಲಿ ಆ ಹೊತ್ತಿಗೆ ಎರಡನೆಯ ವರ್ಷದ ಕನ್ನಡ ತರಗತಿ ನಡೆಯುತ್ತಿತ್ತು. ಪ್ರಿನ್ಸಿಪಾಲರು ಅಧ್ಯಾಪಕರ ಅನುಮತಿ ಕೇಳಿ ಒಳಗೆ ಹೋದರು. ಮಕ್ಕಳು ಎದ್ದು ನಿಂತು ಕೂತರು. ಇದೇ ಕೋಣೆಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯವಾಗಿತ್ತು, ಅದರ ಬಗ್ಗೆ ಒಂದು ಪತ್ರ ಎಂದು ಹೇಳಿ, ಅವಳ ಹೆಸರು ಸಮೇತ ಪೂರ್ತಿ ಓದಿದರು. ಹಿಂದಿನ ಬೆಂಚಿನಲ್ಲಿ ಇಬ್ಬರು ಮೊಬೈಲ್ ನೋಡುತ್ತಿದ್ದರು. ಮುಂದಿನ ಸಾಲಿನ ಹುಡುಗಿಯರು ಮಾತ್ರ ಬಾಗಿಲಲ್ಲಿದ್ದ ಆಯಮ್ಮನ ಕಡೆ ತಿರುಗಿ ನೋಡುತ್ತಿದ್ದರು. ಓದಿ ಮುಗಿಯಲು ಎರಡು ನಿಮಿಷ ಹಿಡಿದಿರಬಹುದು. ಆಯಮ್ಮ ಕೈಮುಗಿದರು, ಪತ್ರ ತೆಗೆದುಕೊಂಡರು. ಅವರು ಅಳಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಮಾರನೆಯ ದಿನ ತಿ. ನರಸೀಪುರದಲ್ಲಿ ಅವರು ಎಂದಿನಂತೆ ಕೆಲಸಕ್ಕೆ ಬಂದಿದ್ದರು. ಸಂಜೆ ಕೋಣೆಗಳ ಕಿಟಕಿ ಹಾಕುತ್ತಿದ್ದಾಗ ಹೋಗಿ ಮಾತಾಡಿಸಿದೆ. ಫ್ರಾನ್ಸಿನಲ್ಲಿ ಹಳೆಯ ಆರೋಪಪಟ್ಟಿಯ ಒಂದು ಪ್ರತಿಯನ್ನು ಎಲ್ಲರೆದುರು ಹರಿದುಹಾಕಿದ್ದರು, ನೀವೂ ಆ ಟಿ.ಸಿ. ಹರಿದುಬಿಡಬಹುದು ಎಂದೆ. ಬೇಡ ಎಂದರು. ಎರಡನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದಾರಂತೆ, ಕೂಸು ಎರಡನ್ನೂ ಓದಿತಂತೆ.

ಕೇಳಬಾರದೆಂದು ಅಂದುಕೊಂಡಿದ್ದರೂ ಕೇಳಿಬಿಟ್ಟೆ, ನನ್ನ ಮೇಲೆ ಕೋಪ ಇದೆಯಾ ಎಂದು.

ಅವರು ಕಿಟಕಿಯ ಅಗುಳಿ ಹಾಕಿ ತಿರುಗಿದರು. "ಅದೆ ಮೇಡಂ. ಯಾಕಿಲ್ಲ ಅನ್ಲಿ. ಅದು ನನ್ತಾವೇ ಇರ್ಲಿ, ಕೂಸ್ಗೆ ಬ್ಯಾಡ. ಅರ್ಜೀನ ನೀವೇ ಬರ್ಕೊಟ್ರಿ ಅಂತ್ಲೂ ಅದ್ಕೆ ಏಳಿವ್ನಿ."

ಅವರು ಪೊರಕೆ, ಬಕೆಟ್ಟು ತೆಗೆದುಕೊಂಡು ಪಕ್ಕದ ಕೋಣೆಗೆ ಹೋದರು. ಅಲ್ಲಿ ಇನ್ನೂ ನಾಲ್ಕು ಕಿಟಕಿ ಇದ್ದವು. ನಾನೂ ಹೋಗಿ ಆ ಬದಿಯ ಎರಡನ್ನು ಹಾಕಿದೆ. ಅವರು ಬೇಡವೆನ್ನಲಿಲ್ಲ.